ಬೋರ್ಡಿನ ರಾಣಿ, ಗೇಟಿನ ಶಾಂತಮ್ಮ

ಇಲ್ಲದವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಕಿವಿ ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದೆ. ಕಾಲೇಜು ಓದಿದವಳೆಂಬ ಜಂಬವೂ ಅದರಲ್ಲಿತ್ತು. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಕೌತಾಳಂ ಕಡೆಯ ಶಾಂತಮ್ಮ ನಾಟಕ ಕಂಪನಿಗಳಲ್ಲಿ ರಾಣಿ ಪಾರ್ಟು ಮಾಡಿ ಹೆಸರಾದವರು. ಚಿಕ್ಕವಳಿದ್ದಾಗ ಗೋನೆಗಂಡ್ಲದ ಟೆಂಟಿನಲ್ಲಿ ಅವರ ದನಿ ಕೇಳಿದ್ದೇನೆ. ಮೈಕಿಲ್ಲದೆ ಕೊನೆಯ ಸಾಲಿಗೂ ಮುಟ್ಟುತ್ತಿತ್ತು. ಅವರು ಕಪ್ಪಗೆ, ಕುಳ್ಳಗೆ ಇದ್ದರು. ಎಡಗೆನ್ನೆಯ ಮೇಲೆ ಸುಟ್ಟ ಕಲೆ. ಮೊದಲ ಕಂಪನಿಯ ಪೇಂಟರು ನಾಟಕದ ಬೋರ್ಡಿನಲ್ಲಿ ಅವರನ್ನು ಹಾಲಿನಂತೆ ಬೆಳ್ಳಗೆ ಬರೆದ. ಮುಂದಿನವರೆಲ್ಲ ಅದನ್ನೇ ನೋಡಿ ಬರೆದರು. ಜನರ ಪಾಲಿಗೆ ಆ ಬೆಳ್ಳನೆಯ ಹೆಂಗಸೇ ಶಾಂತಮ್ಮ. ಮುಂದೆ ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಪಿಸುಮಾತಷ್ಟೇ ಉಳಿದಿತ್ತು.

ಕೆಲವು ವರ್ಷಗಳ ಹಿಂದೆ ಆದೋನಿಯಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡು, ನಿರೂಪಣೆಗೆ ನನ್ನನ್ನು ಕರೆದರು. ವೇದಿಕೆಯ ಮೇಲೆ ಎರಡಾಳೆತ್ತರದ ಪ್ಲೈವುಡ್ ಬೋರ್ಡು, ಅದರಲ್ಲಿ ಅವರ ಚಿತ್ರ. ಅದೇ ಬಿಳಿ ಮುಖ. ಕಲೆ ಎಲ್ಲಿ ಎಂದು ಪೇಂಟರನನ್ನು ಕೇಳಿದೆ.

"ಇದ್ದಂಗ ಬರದ್ರ ಕಮಿಟಿಯೋರು ಬಣ್ಣದ ಡಬ್ಬಿ ನನ್ನ ತಲಿ ಮ್ಯಾಲೆ ಸುರೀತಾರಕ್ಕಾ," ಎಂದು ನಕ್ಕ.

ನಮ್ಮ ಸಭೆಗಳಲ್ಲಿ ಮೊದಲು ಪಟಕ್ಕೆ ಹಾರ ಬೀಳಬೇಕು. ಪಟದಲ್ಲಿರುವವರು ಬದುಕಿದ್ದಾರೋ ಇಲ್ಲವೋ ಎಂದು ಯೋಚಿಸುವ ಗೋಜಿಲ್ಲ. ಜೀವಂತ ಇರುವವರ ಪಟಕ್ಕೆ ಹಾರ ಬೇಡ ಎಂದೆ.

"ಏನ್ ಮೇಡಂ, ಬರೇ ಕೊಳ್ಳಾಗ ನಿಲ್ಸಿದ್ರ ಮರ್ಯಾದಿ ಇರ್ತೈತಾ? ಎಕ್ಕಂಡಿ, ಹತ್ತರಿ!" ಎಂದು ಕಮಿಟಿ ಅಧ್ಯಕ್ಷರು ಹಾರವನ್ನು ನನ್ನ ಕೈಗೇ ತುರುಕಿದರು. ಸಿಟ್ಟು ನುಂಗಿಕೊಂಡು ಸ್ಟೂಲು ಹತ್ತಿದೆ.

ಕರೆಂಟು ಹೋಗಿ ಮೈಕು ಸತ್ತಿತ್ತು. ಹಾರ ಎತ್ತಿದೆನೋ ಇಲ್ಲವೋ, "ಇಳಿ ಮಗಳೇ! ಇಳಿ!" ಎಂಬ ಕೂಗು. ಟೆಂಟು ತುಂಬುತ್ತಿದ್ದ ಅದೇ ದನಿ. ನೆಗೆದೆ. ಬೆನ್ನ ಹಿಂದೆ ಕಟ್ಟು ಕಳಚಿ ಇಡೀ ಪ್ಲೈವುಡ್ ಬಿತ್ತು. ಗಾಳಿಯೂ ಇರಲಿಲ್ಲ. ಸ್ಟೂಲು ಚೂರುಚೂರಾಗಿತ್ತು. ಇವತ್ತಿಗೂ ಮನೆಯಲ್ಲಿ ಫ್ಯಾನು ಒರೆಸಲು ಸ್ಟೂಲು ಹತ್ತುವ ಮೊದಲು ಒಮ್ಮೆ ಮೇಲೆ ನೋಡುತ್ತೇನೆ.

ಎಲ್ಲರೂ ಓಡಿಬಂದರು, ಬೋರ್ಡಿನ ಹತ್ತಿರಕ್ಕೆ. "ಮುಖಕ್ಕೇನೂ ಆಗಿಲ್ಲ, ದೇವ್ರು ದೊಡ್ಡೋನು!" ಎಂದರು ಅಧ್ಯಕ್ಷರು. ನನ್ನ ಕಡೆ ಒಬ್ಬರೂ ತಿರುಗಲಿಲ್ಲ. ಆ ಕೂಗನ್ನು ಕೇಳಿದವರೂ ಒಬ್ಬರಿಲ್ಲ.

ಶಾಂತಮ್ಮನನ್ನು ಹುಡುಕುತ್ತ ಗೇಟಿಗೆ ಹೋದೆ. ಹೊರಗೆ ಬಿಸಿಲಲ್ಲಿ, ಕಲ್ಲಿನ ಮೇಲೆ ಕುಳಿತಿದ್ದರು. ವಾಲಂಟಿಯರ್ ಒಬ್ಬ ಕೈ ಅಡ್ಡ ಹಿಡಿದಿದ್ದ.

"ಮೇಡಂ, ಈ ಮುದುಕಿ ನಾನೇ ಶಾಂತಮ್ಮ ಅಂತಾಳ್ರಿ! ನಾವೇನು ಬೋರ್ಡು ನೋಡಿಲ್ಲೇನು?"

"ನೀ ನೋಡಿದ್ದು ಬಣ್ಣ! ತಗಿ ಕೈ!" ಎಂದು ಕಿರುಚಿದೆ. ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಒಳಗೆ ಕರೆದೊಯ್ಯುತ್ತ ನಡೆದದ್ದನ್ನು ಹೇಳಿದೆ. ಅವರು ನಿಂತುಬಿಟ್ಟರು. ಗಂಟಲ ಮೇಲೆ ಕೈಯಿಟ್ಟುಕೊಂಡು ಪಿಸುಗುಟ್ಟಿದರು: "ನನ್ ದನಿ ಕೇಳಿದ್ಯಾ? ಎಲ್ಲೈತವ್ವಾ ಅದು?"

ವೇದಿಕೆಯತ್ತ ಕೈ ತೋರಿಸಿದೆ. ಅಲ್ಲಿ ಆ ಬಿಳಿ ಮುಖವನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ದನಿ ಅಲ್ಲಿಂದಲೇ ಬಂತೆಂದು ಹೇಳಲು ನನಗೆ ಮನಸ್ಸಿಲ್ಲ. ಮತ್ತೆಲ್ಲಿಂದ ಬಂತು ಎಂಬುದೂ ಇಂದಿನವರೆಗೆ ತಿಳಿದಿಲ್ಲ.