ಹೇಳಿದ್ದಷ್ಟೇ ಬರೆದವಳು

ಸೆಲ್ವಿ ನಾನು ಹೇಳದ ಒಂದು ಮಾತನ್ನೂ ನನ್ನ ಉತ್ತರ ಪತ್ರಿಕೆಯಲ್ಲಿ ಬರೆಯಲಿಲ್ಲ. ಬರೆದಳು ಎಂದು ನಾನು ಪ್ರಿನ್ಸಿಪಾಲರಿಗೆ ಹೇಳಿದೆ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ — ಬಾಯಿ ತಪ್ಪಿ ಅಲ್ಲ, ಹೆದರಿಯೂ ಅಲ್ಲ.

ನನ್ನ ಭಾಷಣಗಳನ್ನು ಕೇಳಿದವರು ನಿಮ್ಮಲ್ಲಿ ಹಲವರಿರಬಹುದು. ನಮ್ಮ ಅಂಧರ ತರಬೇತಿ ಕೇಂದ್ರಕ್ಕೆ ಹೊಸ ವಿದ್ಯಾರ್ಥಿಗಳು ಸೇರಿದಾಗಲೆಲ್ಲ ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ, ನನ್ನ ಕಥೆ ಹೇಳುತ್ತೇನೆ, ಚಪ್ಪಾಳೆ ಬೀಳುತ್ತದೆ. ಆ ಕಥೆಯಲ್ಲಿ ಸೆಲ್ವಿ ಎಂಬ ಹೆಸರನ್ನು ನೀವು ಒಮ್ಮೆಯೂ ಕೇಳಿಲ್ಲ.

ನಾನು ದೊಮ್ಮಲೂರಿನವಳು, ಹೆಸರು ರತ್ನ. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದರು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕಣ್ಣನ್ನು ತೆಗೆದುಕೊಂಡು ಹೋಯಿತು. ಅದರ ಬಗ್ಗೆ ಯಾರಾದರೂ 'ಅಯ್ಯೋ ಪಾಪ' ಅಂದರೆ ನಮ್ಮಮ್ಮ ಅವರಿಗೆ ಕಾಫಿ ಕೊಡುತ್ತಿರಲಿಲ್ಲ. ಆ ಜಂಬ ನನಗೂ ಬಂತು. 'ನನಗೆ ಕಾಣಿಸುವುದಿಲ್ಲ' ಎಂಬ ಮಾತನ್ನು ನೆಪವಾಗಿ ಎಲ್ಲಿಯೂ ಬಳಸಬಾರದು ಅನ್ನುವುದು ನಾನು ನನಗೇ ಹಾಕಿಕೊಂಡ ಕಟ್ಟುಪಾಡು.

ಹಲಸೂರಿನ ಆಚೆಯ ಒಂದು ಕಾಲೇಜಿನಲ್ಲಿ ಬಿ.ಎ. ಸೇರಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪರೀಕ್ಷೆಯಲ್ಲಿ ನಾವು ಹೇಳಬೇಕು, ಬೇರೊಬ್ಬರು ಬರೆಯಬೇಕು. ಹಾಗೆ ಬರೆಯುವವರನ್ನು ಸ್ಕ್ರೈಬ್ ಅನ್ನುತ್ತಾರೆ. ಅವರು ನಮಗಿಂತ ಕೆಳಗಿನ ತರಗತಿಯವರಾಗಿರಬೇಕು. ಅದೇ ಆವರಣದಲ್ಲಿ ಪಿ.ಯು.ಸಿ. ಓದುತ್ತಿದ್ದ ಜೋಗುಪಾಳ್ಯದ ಹುಡುಗಿ ಸೆಲ್ವಿ ತಾನಾಗಿಯೇ ಮುಂದೆ ಬಂದಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷಿನಲ್ಲಿ ಅವಳ ಅಕ್ಷರ ಅಚ್ಚಿನಂತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಟೀಚರ್ ಆಗಬೇಕು ಅನ್ನುವುದು ಅವಳ ಆಸೆ.

ಎರಡು ವರ್ಷ ಅವಳು ನನಗಾಗಿ ಬರೆದಳು. ಒಮ್ಮೆ ಇತಿಹಾಸದ ಪರೀಕ್ಷೆಯಲ್ಲಿ ಅವಸರದಲ್ಲಿ ನಾನು ನಾಲ್ಕನೇ ಮೈಸೂರು ಯುದ್ಧ ಅನ್ನುವ ಬದಲು ಮೂರನೇ ಯುದ್ಧ ಅಂದುಬಿಟ್ಟೆ. ಇಡೀ ಉತ್ತರ ಹಾಳಾಯಿತು. ಹೊರಗೆ ಬಂದಮೇಲೆ ನೆನಪಾಗಿ ತಲೆ ಚಚ್ಚಿಕೊಂಡೆ. ಸೆಲ್ವಿ ಮೆಲ್ಲಗೆ, “ನಂಗೆ ಆವಾಗ್ಲೇ ಗೊತ್ತಾಯ್ತು ಅಕ್ಕಾ” ಅಂದಳು.

“ಮತ್ತೆ ಸರಿ ಮಾಡೋದಲ್ವಾ ಕಣೆ!”

“ಹೆಂಗ್ ಮಾಡ್ಲಿ? ನೀನು ಹೇಳಿದ್ದು ಮೂರನೇದು ಅಂತ ತಾನೇ?”

ಅಂಥವಳು. ಅಂಥವಳ ಮೇಲೆ ನಾನು —

ಕ್ಲಾಸಿನಲ್ಲಿ ನನಗೆ ಒಳ್ಳೆಯ ಅಂಕಗಳು ಬರುತ್ತಿದ್ದವು. ಅದು ಕೆಲವರಿಗೆ ಹಿಡಿಸಲಿಲ್ಲ. “ಬರಿಯೋದು ಸೆಲ್ವಿ, ಮಾರ್ಕ್ಸು ರತ್ನಂಗೆ” ಎಂದು ನನ್ನ ಹಿಂದಿನ ಬೆಂಚಿನಲ್ಲೇ ಆಡಿಕೊಳ್ಳುತ್ತಿದ್ದರು. ಕಣ್ಣು ಕಾಣದವಳಿಗೆ ಕಿವಿಯೂ ಕೇಳಿಸುವುದಿಲ್ಲ ಅಂದುಕೊಂಡಿದ್ದರೋ ಏನೋ. ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತು. ನನ್ನ ತಲೆಯಿಂದ ಬಂದದ್ದನ್ನು ನನ್ನದೆಂದು ತೋರಿಸಲು ನನ್ನ ಬಳಿ ಏನೂ ಇರಲಿಲ್ಲ — ಇನ್ನೊಬ್ಬಳ ಕೈಬರಹದ ಹೊರತು.

ಎರಡನೇ ವರ್ಷದ ರಜೆಯಲ್ಲಿ ತರಬೇತಿ ಕೇಂದ್ರಕ್ಕೆ ಆ ಯಂತ್ರ ಬಂತು. ಹೊರದೇಶದ ದಾನಿಯೊಬ್ಬರು ಕಳಿಸಿದ ಬ್ರೈಲ್ ವರ್ಡ್ ಪ್ರೊಸೆಸರ್. ದಪ್ಪ ನಿಘಂಟಿನಷ್ಟು ಗಾತ್ರ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಬ್ರೈಲಿನ ಆರು ಚುಕ್ಕಿಗಳಿಗೆ ಆರು ಕೀಲಿ, ನಡುವೆ ಜಾಗ ಬಿಡಲು ಒಂದು ಉದ್ದನೆಯದು. ಮುಂಭಾಗದಲ್ಲಿ ಒಂದು ಸಾಲು ಸಣ್ಣ ರಂಧ್ರಗಳು. ಬರೆಯುತ್ತಾ ಹೋದಂತೆ ಆ ರಂಧ್ರಗಳಿಂದ ಚುಕ್ಕಿಗಳು ಮೇಲೇಳುತ್ತವೆ. ಬೆರಳಾಡಿಸಿದರೆ ಈಗಷ್ಟೇ ಬರೆದದ್ದನ್ನು ಓದಬಹುದು.

ನಿಮಗೆ ಇದು ದೊಡ್ಡ ವಿಷಯ ಅನ್ನಿಸದಿರಬಹುದು. ಅಲ್ಲಿಯವರೆಗೆ ನಾನು ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಮೊನಚಾದ ಕಡ್ಡಿಯಿಂದ ಒಂದೊಂದೇ ಚುಕ್ಕಿ ಚುಚ್ಚುತ್ತಿದ್ದೆ. ತಪ್ಪಾದರೆ ತಪ್ಪೇ, ಹಾಳೆಯನ್ನೇ ಹೊಸದಾಗಿ ಬರೆಯಬೇಕು. ಯಂತ್ರದಲ್ಲಿ ನಾನು ಮಾಡಿದ ಮೊದಲ ಕೆಲಸವೇನು ಗೊತ್ತೇ? ಒಂದು ವಾಕ್ಯ ಬರೆದೆ, ಓದಿದೆ, ಚೆನ್ನಾಗಿಲ್ಲ ಅನ್ನಿಸಿತು, ನಡುವಿನ ಒಂದು ಪದವನ್ನು ಅಳಿಸಿ ಬೇರೆ ಹಾಕಿದೆ. ಜೀವಮಾನದಲ್ಲಿ ಮೊದಲ ಬಾರಿ ನಾನು ಬರೆದದ್ದನ್ನು ನಾನೇ ತಿದ್ದಿದ್ದೆ! ಪಕ್ಕದಲ್ಲಿದ್ದ ಕೇಂದ್ರದ ಮೇಷ್ಟ್ರು — ಅವರೂ ಅಂಧರೇ — “ಯಾಕಮ್ಮ ಕೀಲಿ ಸದ್ದೇ ಇಲ್ಲ?” ಅಂದರು. ನಾನು ಆ ಸಾಲಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸುತ್ತಿದ್ದೆ.

ಅದಕ್ಕೆ ಪ್ರಿಂಟರ್ ಜೋಡಿಸಿದರೆ ಕಣ್ಣಿರುವವರು ಓದುವ ಇಂಗ್ಲಿಷ್ ಹಾಳೆಯ ಮೇಲೆ ಬರುತ್ತಿತ್ತು. ಕನ್ನಡ ಮಾತ್ರ ಅದಕ್ಕೆ ತಿಳಿಯದು. ಕನ್ನಡ ಬ್ರೈಲಿನಲ್ಲಿ ಬರೆದರೆ ಬೆರಳಿಗೆ ಚೆನ್ನಾಗಿಯೇ ಓದಿಸಿಕೊಳ್ಳುತ್ತಿತ್ತು, ಪ್ರಿಂಟ್ ತೆಗೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ನನ್ನ ಓದು ಇಂಗ್ಲಿಷ್ ಮಾಧ್ಯಮ, ಅಷ್ಟು ಸಾಕಿತ್ತು. ರಜೆಯೆಲ್ಲ ಅಲ್ಲೇ ಕೂತೆ. ಕೀಲಿಗಳು ಬೆರಳುಗಳೇ ಅನ್ನಿಸುವಷ್ಟು ಕಲಿತೆ. ಕೊನೆಯ ವರ್ಷದ ಪರೀಕ್ಷೆಯನ್ನು ಇದರಲ್ಲೇ ಬರೆಯಬೇಕು ಎಂದು ನಿಶ್ಚಯಿಸಿಕೊಂಡೆ.

ಪ್ರಿನ್ಸಿಪಾಲರು ಒಪ್ಪಲಿಲ್ಲ. ಕೆಟ್ಟವರಲ್ಲ, ತಂಟೆ ಬೇಡವೆನ್ನುವ ಮನುಷ್ಯ. “ಅದರೊಳಗೆ ನೀನು ಮೊದಲೇ ಏನು ತುಂಬ್ಕೊಂಡು ಬಂದಿರ್ತೀಯೋ ನಮಗೇನು ಗೊತ್ತಮ್ಮ?” ಅಂದರು. ನಿಮ್ಮ ಮುಂದೆಯೇ ಖಾಲಿ ಮಾಡಿ ತೋರಿಸುತ್ತೇನೆ ಅಂದೆ. ಯೂನಿವರ್ಸಿಟಿಯನ್ನು ಕೇಳಬೇಕು ಅಂದರು. ಕೇಳಿ ಸಾರ್ ಅಂದೆ. ನೋಡೋಣ ಅಂದರು. ಮತ್ತೆ ಮತ್ತೆ ಹೋದೆ. ಒಂದು ದಿನ ಬೇಸತ್ತು ಕೇಳಿದರು:

“ಆ ಹುಡುಗಿ ಚೆನ್ನಾಗೇ ಬರಿತಾಳಲ್ಲಮ್ಮ. ಈಗ ಏನ್ ತೊಂದ್ರೆ ನಿಂಗೆ? ಅವಳ ಮೇಲೆ ಏನಾದ್ರೂ ಕಂಪ್ಲೇಂಟ್ ಇದ್ಯಾ?”

ಇಲ್ಲ ಸಾರ್, ಅವಳು ಚಿನ್ನ — ಇಷ್ಟೇ ಹೇಳಬೇಕಾಗಿತ್ತು. ಹೇಳಿದ್ದರೆ ಯಂತ್ರದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಾಯಿತು. ಒಪ್ಪಿಗೆಯ ಬಾಗಿಲು ಎಲ್ಲಿದೆ ಎಂದೂ ಗೊತ್ತಾಯಿತು.

“ಇದೆ ಸಾರ್,” ಅಂದೆ. “ನಾನು ಹೇಳ್ದೇ ಇರೋದನ್ನೂ ಅವಳು ಬರಿತಾಳೆ.”

ಕುರ್ಚಿ ಕಿರುಗುಟ್ಟಿತು. “ಹಾಗಾದ್ರೆ ಈ ಎರಡು ವರ್ಷದ ಮಾರ್ಕ್ಸು?”

“ನಂಗೆ ಕಾಣ್ಸಲ್ವಲ್ಲ ಸಾರ್. ನಂಗೆ ಹೆಂಗ್ ಗೊತ್ತಾಗುತ್ತೆ?”

ಎಂದೂ ಆಡುವುದಿಲ್ಲ ಅಂದುಕೊಂಡಿದ್ದ ಮಾತನ್ನು ಆಡಿದ್ದೆ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತು! ಪ್ರಿನ್ಸಿಪಾಲರ ದನಿ ಮೆತ್ತಗಾಯಿತು. ಪಾಪ ಅಂದರು. ನಾನು ಆ 'ಪಾಪ'ವನ್ನು ತಲೆ ತಗ್ಗಿಸಿ ತೆಗೆದುಕೊಂಡೆ. ಹಳೆಯ ಮಾರ್ಕ್ಸಿನ ತಂಟೆಗೆ ಹೋಗದೆ ಅವರು ಯಂತ್ರಕ್ಕಾಗಿ ಯೂನಿವರ್ಸಿಟಿಗೆ ಬರೆದರು. ಒಪ್ಪಿಗೆ ಬಂತು.

ಸೆಲ್ವಿ ಆಗ ಪಿ.ಯು.ಸಿ. ಮುಗಿಸಿ ಅದೇ ಕಾಲೇಜಿನಲ್ಲಿ ಬಿ.ಎ.ಗೆ ಅರ್ಜಿ ಹಾಕಿದ್ದಳು. ಅವಳನ್ನು ಸೇರಿಸಿಕೊಳ್ಳಲಿಲ್ಲ. ಅವಳ ಅಪ್ಪನನ್ನು ಕರೆಸಿ, ಪರೀಕ್ಷೆಯಲ್ಲಿ ಮೋಸ ಮಾಡಿದ ಹುಡುಗಿ, ಪೊಲೀಸಿಗೆ ಕೊಡದೆ ಬಿಟ್ಟಿದ್ದೇ ಹೆಚ್ಚು ಅಂದರಂತೆ. ಅವರು ಹುಡುಗಿಯನ್ನು ಮನೆಯಲ್ಲಿ ಕೂರಿಸಿದರು.

ಅವಳು ನಮ್ಮ ಮನೆಗೆ ಬಂದಳು. ಅಮ್ಮ ಒಳಗೆ ಕಾಫಿ ಮಾಡುತ್ತಿದ್ದರು. ಸೆಲ್ವಿ ಎಂದಿನಂತೆ ನನ್ನ ಪಕ್ಕ ಕೂರಲಿಲ್ಲ. ದನಿ ಬಾಗಿಲ ಕಡೆಯಿಂದ ಬಂತು.

“ನಾನು ಇಲ್ದೇ ಇರೋದೆಲ್ಲ ಬರ್ದೆ ಅಂತ ಸಾರ್‌ಗೆ ಯಾರೋ ಹೇಳಿದ್ದಾರೆ ಅಕ್ಕಾ. ಯಾರು ಅಂತ ನಿಂಗೆ ಗೊತ್ತಾ?”

“ಗೊತ್ತಿಲ್ಲ ಕಣೆ,” ಅಂದೆ. “ಕ್ಲಾಸಲ್ಲಿ ಯಾರೋ ಹೇಳಿರ್ಬೇಕು. ಹೊಟ್ಟೆಕಿಚ್ಚು.”

“ನೀನಾದ್ರೂ ಸಾರ್ ಹತ್ರ ಒಂದ್ ಮಾತು ಹೇಳ್ತೀಯಾ?”

“ಹೇಳ್ತೀನಿ.”

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಕಾಫಿ ಕುಡಿಯದೆ ಹೋದಳು. ನಾನು ಹೇಳಲಿಲ್ಲ.

ಪರೀಕ್ಷೆ ಬರೆದೆ. ಪ್ರತ್ಯೇಕ ಕೋಣೆ, ಮೇಲ್ವಿಚಾರಕರ ಮುಂದೆ ಯಂತ್ರವನ್ನು ಖಾಲಿ ಮಾಡಿದ್ದು, ಮುಗಿದಮೇಲೆ ಆಫೀಸಿನ ಪ್ರಿಂಟರಿನಿಂದ ಹಾಳೆಗಳು ಕರಕರ ಎಂದು ಹೊರಬಂದದ್ದು — ಇವೆಲ್ಲ ನಿಮಗೆ ನನ್ನ ಭಾಷಣದಿಂದ ಗೊತ್ತು. ಆ ಹಾಳೆಗಳನ್ನು ನನ್ನ ಕೈಗೆ ಕೊಟ್ಟಾಗ ಇನ್ನೂ ಬೆಚ್ಚಗಿದ್ದವು. ನನ್ನ ವಾಕ್ಯಗಳು, ನಾನೇ ಬರೆದು, ಓದಿ, ತಿದ್ದಿದ ವಾಕ್ಯಗಳು. ಆ ಕಾಲೇಜಿನಲ್ಲಿ ಹಾಗೆ ಬರೆದ ಮೊದಲ ವಿದ್ಯಾರ್ಥಿನಿ ನಾನು. ನನ್ನ ನಂತರ ಬಂದವರು ಯಾರನ್ನೂ ಅಂಗಲಾಚಬೇಕಾಗಲಿಲ್ಲ. ತರಗತಿಗೆ ಮೊದಲಿಗಳಾದೆ, ಎಂ.ಎ. ಮಾಡಿದೆ, ಇಂದು ಕೆ.ಆರ್. ಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ. ಇದರ ಬಗ್ಗೆ ನನಗೆ ಹೆಮ್ಮೆಯಿದೆ. ಇವತ್ತು ತಪ್ಪು ಒಪ್ಪಿಕೊಳ್ಳುತ್ತಿದ್ದೇನೆಂದು ಆ ಹೆಮ್ಮೆಯನ್ನು ಬಚ್ಚಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಆದರೆ ಹಿಂದಿನ ಎರಡು ವರ್ಷದ ಉತ್ತರಗಳೂ ನನ್ನವೇ ಆಗಿದ್ದವಲ್ಲ? ಅವು ನನ್ನವಲ್ಲ ಎಂದು ನನ್ನ ಬಾಯಿಂದಲೇ ಹೇಳಿದೆ. ಸೆಲ್ವಿಯ ಪ್ರಾಮಾಣಿಕತೆಯೊಂದಿಗೆ ನನ್ನ ತಲೆಯ ದುಡಿಮೆಯನ್ನೂ ಅಲ್ಲಗಳೆದೆ. ಹಿಂದಿನ ಬೆಂಚಿನವರು ಆಡಿಕೊಂಡದ್ದಕ್ಕೆ ನಾನೇ ರುಜು ಹಾಕಿದಂತಾಯಿತು.

ವರ್ಷಗಳು ಹೋದವು. ಈ ಸಲ ಕೇಂದ್ರದಲ್ಲಿ ಭಾಷಣ ಮುಗಿಸಿ ಕೂತಿದ್ದೆ. ಪ್ರಿನ್ಸಿಪಾಲರು ಹೇಗೆ ಒಪ್ಪಿದರು ಅನ್ನುವಲ್ಲಿ ನಾನು ಯಾವಾಗಲೂ 'ಹಠ ಹಿಡಿದೆ, ಗೆದ್ದೆ' ಅನ್ನುತ್ತೇನೆ. ಹಿಂದಿನ ಸಲವೂ ನನ್ನ ಭಾಷಣ ಕೇಳಿದ್ದ ಶಿವಲೀಲಾ ಎಂಬ ವಿದ್ಯಾರ್ಥಿನಿ ಹತ್ತಿರ ಬಂದಳು. ಅವಳ ತಂದೆ ಕಚೇರಿ ಕೆಲಸಕ್ಕೆಂದು ರಾಯಚೂರಿನಿಂದ ಇಲ್ಲಿಗೆ ಬಂದವರು.

“ಮೇಡಂ, ನಮ್ಮ ಕಾಲೇಜಿನ್ಯಾಗ ಪರೀಕ್ಷಾಕ್ಕ ಮಷೀನ್ ತರಬ್ಯಾಡ ಅಂತಾರ್ರೀ. ನೀವು ಹೇಳಿದಂಗ ಹಠ ಹಿಡಿದೆ. ಮೂರು ಸಲ ಹೋದೆ. ಒಪ್ಪವಲ್ರು. ನೀವು ಖರೇನ ಏನಂದ್ರಿ ಅವರಿಗೆ?”

ನಾನು ನಿಜವಾಗಿ ಅಂದದ್ದನ್ನು ಅವಳಿಗೆ ಹೇಗೆ ಕಲಿಸಲಿ? ನನ್ನ ಭಾಷಣ ನಂಬಿ ಹೋದವಳು ಮೂರು ಸಲ ಅವಮಾನ ಪಟ್ಟು ಬಂದಿದ್ದಳು. ತಾಳು ಮಗಳೇ, ಹೇಳುತ್ತೇನೆ ಎಂದಷ್ಟೇ ಅಂದೆ.

ಆ ಭಾನುವಾರ ಆಟೋ ಹಿಡಿದು ಜೋಗುಪಾಳ್ಯಕ್ಕೆ ಹೋದೆ. ವಿಚಾರಿಸಿದರೆ ಎಲ್ಲರಿಗೂ ಗೊತ್ತು: ಸೆಲ್ವಿ ಡಿಟಿಪಿ ಅಂಗಡಿ ಇಟ್ಟಿದ್ದಾಳೆ, ಮದುವೆ ಕಾರ್ಡು, ಬಯೋಡಾಟಾ, ಜೆರಾಕ್ಸ್. ಮೆಟ್ಟಿಲ ಬಳಿ ನನ್ನ ಬಿಳಿ ಕೋಲು ಸದ್ದು ಮಾಡಿತು. ಒಳಗೆ ಟೈಪಿಂಗ್ ನಿಂತಿತು.

“ಬನ್ನಿ. ಕೂತ್ಕೊಳ್ಳಿ,” ಅಂದಳು. ಆ ಕಾಲದಲ್ಲಿ ನನಗೆ 'ನೀನು' ಅನ್ನುತ್ತಿದ್ದವಳು.

ಕೂರಲಿಲ್ಲ. ನಿಂತೇ ಹೇಳಿದೆ. ಎಲ್ಲವನ್ನೂ, ಪ್ರಿನ್ಸಿಪಾಲರ ಕೋಣೆಯ ಆ ಎರಡು ಮಾತುಗಳನ್ನು ಆಡಿದಂತೆಯೇ ಮತ್ತೆ ಆಡಿ ಹೇಳಿದೆ. ಫ್ಯಾನು ತಿರುಗುತ್ತಿತ್ತು.

“ಗೊತ್ತು,” ಅಂದಳು ಸೆಲ್ವಿ. “ಅಪ್ಪನ್ನ ಕರೆಸಿದ್ರಲ್ಲ, ಸಾರ್ ಅವತ್ತೇ ಹೆಸರು ಹೇಳಿದ್ರು.”

“ಹಾಗಾದ್ರೆ... ನಮ್ಮನೆಗೆ ಬಂದಾಗ?”

“ಗೊತ್ತಿದ್ದೇ ಬಂದೆ ಅಕ್ಕಾ. ಕೇಳಿದ್ರೆ ನೀನೇ ಹೇಳ್ಬಿಡ್ತೀಯ ಅನ್ಕೊಂಡೆ. ಆಮೇಲೂ ಸ್ವಲ್ಪ ದಿನ ಕಾದೆ.”

ಇಷ್ಟು ವರ್ಷ ನಾನು ಮುಚ್ಚಿಟ್ಟೆ ಅಂದುಕೊಂಡಿದ್ದೆ. ಯಾರಿಂದ ಮುಚ್ಚಿಡಬೇಕಿತ್ತೋ ಅವಳ ಮುಖದೆದುರೇ ನಾನು ಸುಳ್ಳು ಹೇಳಿದ್ದೆ, ಅವಳು ನನ್ನನ್ನು ನೋಡುತ್ತಾ ನಿಂತಿದ್ದಳು.

ಏನು ಮಾಡಲಿ ಹೇಳು ಸೆಲ್ವಿ, ಎಂದು ಕೇಳಿದೆ. ಕೇಳಬಾರದಿತ್ತು.

“ಅದನ್ನೂ ನಾನೇ ಬರ್ಕೊಡ್ಲಾ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿ ಯಾರೋ ಬಂದರು. ಅವಳು ಅವರ ಕಡೆ ತಿರುಗಿದಳು.

ಅವಳು ಟೀಚರ್ ಆಗಲಿಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಆಮೇಲೆ ಕೇಳಿದೆ. ಅದರಿಂದ ನನ್ನ ಪಾಲಿನದು ಕಡಿಮೆಯಾಗುವುದಿಲ್ಲ. ಕ್ಷಮಿಸಿದ್ದೇನೆ ಎಂದು ಅವಳು ಅನ್ನಲಿಲ್ಲ, ನಾನೂ ಕೇಳಿಲ್ಲ.

ಶಿವಲೀಲಾಳಿಗೆ ಎಲ್ಲ ಹೇಳಿದ್ದೇನೆ. “ನನಗ ಬರೆಯಾಕಿ ಭಾಳ ಚಲೋ ಹುಡುಗಿ ಅದಾಳ್ರಿ ಮೇಡಂ. ಅಕಿ ಮ್ಯಾಲೆ ನಾನು ಹಂಗ ಹೇಳಾಕಿ ಅಲ್ರಿ” ಅಂದಳು. ಹೇಳಬೇಡ ಅಂದೆ. ಸೋಮವಾರ ಅವಳ ಜೊತೆ ಅವಳ ಪ್ರಿನ್ಸಿಪಾಲರ ಬಳಿ ಹೋಗುತ್ತಿದ್ದೇನೆ. ಸ್ಕ್ರೈಬ್ ಒಳ್ಳೆಯವಳು, ಆದರೂ ಈ ಹುಡುಗಿಗೆ ತನ್ನ ಕೈಯಿಂದ ಬರೆಯುವ ಹಕ್ಕಿದೆ — ಎರಡನ್ನೂ ಒಟ್ಟಿಗೆ ಹೇಳುತ್ತೇನೆ. ಅಂದು ನನಗೆ ಹೇಳಲಾಗದ ಮಾತು ಅದು. ಅಂದು ನಿಮ್ಮ ಪ್ರಿನ್ಸಿಪಾಲರನ್ನು ನೀವು ಹೇಗೆ ಒಪ್ಪಿಸಿದಿರಿ ಎಂದು ಅವರು ಕೇಳಿದರೆ, ಅದನ್ನೂ ಹೇಳುತ್ತೇನೆ.