ಪರಸ್ಥಾನದ ಚೀಲ

ಮೊನ್ನೆ ಅಟ್ಟದಿಂದ ಸ್ವೆಟರಿನ ಟ್ರಂಕು ಇಳಿಸುವಾಗ ಅದರ ಹಿಂದಿದ್ದ ಕಾಕಿ ಬಟ್ಟೆಯ ಚೀಲವೂ ಜಾರಿ ಕೆಳಗೆ ಬಿತ್ತು. ಬಾಯಿಗೆ ಬಿಗಿದ ದಾರ ಹಾಗೇ ಇತ್ತು. ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಒಂದಿಷ್ಟು ಒಣಶುಂಠಿಯದು... ಇತ್ತೋ, ನನ್ನ ಭ್ರಮೆಯೋ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮೈಸೂರು ರಸ್ತೆಯ ಆಟದ ಪಾರ್ಕಿಗೆ ಮೊಮ್ಮಗಳನ್ನು ಕರೆದುಕೊಂಡು ಹೋಗುವ ತಯಾರಿ ಮನೆಯಲ್ಲಿ ನಡೆದಿತ್ತು. ಯಾವ ಆಟಕ್ಕೆ ಮೊದಲು ನಿಲ್ಲಬೇಕು, ಹತ್ತುವ ಮುಂಚೆ ಏನು ತಿನ್ನಬಾರದು ಎಂದು ಸೊಸೆ ಫೋನಿನಲ್ಲಿ ಓದುತ್ತಿದ್ದಳು. ಅದನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವರೊಬ್ಬರಿದ್ದರು.

ಐವತ್ತರ ದಶಕದ ರಾಜಾಜಿನಗರ. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಹಾಲು, ಸೊಪ್ಪು ಕುರುಬರಹಳ್ಳಿ ಕಡೆಯಿಂದ ತಲೆಹೊರೆಯಲ್ಲಿ ಬರಬೇಕು. ನಮ್ಮ ಎದುರುಮನೆಯ ದೊಡ್ಡಮ್ಮ (ಸಂಬಂಧವೇನಿಲ್ಲ, ನಾನು ಕರೆಯುತ್ತಿದ್ದುದು ಹಾಗೆ) ಮೈಸೂರಿನವರು. ಅವರ ತಂದೆ ದಸರಾ ವಸ್ತುಪ್ರದರ್ಶನದಲ್ಲಿ ಬೋಂಡದ ಅಂಗಡಿ ಇಡುತ್ತಿದ್ದರಂತೆ. ದೊಡ್ಡಮ್ಮ ಬೆಳೆದದ್ದೇ ಆ ಅಂಗಡಿಯ ಹಿಂದೆ. ಹಾಗಾಗಿ ಬೀದಿಯಿಂದ ಯಾರೇ ದಸರೆಗೆ ಹೊರಟರೂ ಮೊದಲು ಅವರ ಜಗಲಿಗೆ ಹೋಗಿ ಬರಬೇಕು. ಹೋಗದಿದ್ದರೆ ಅವರೇ ಬಂದು ಹೇಳುತ್ತಿದ್ದರು, ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ.

"ಬಾಗಿಲಲ್ಲಿರೋ ಅಂಗಡಿ ಕಣ್ಣೆತ್ತಿಯೂ ನೋಡ್ಬೇಡಿ. ಜನ ಎಲ್ಲಾ ಅಲ್ಲೇ ನುಗ್ತಿರ್ತಾರೆ. ಸೀದಾ ಹಿಂದಕ್ಕೆ ಹೋಗಿ, ಅಲ್ಲಿಂದ ನೋಡ್ಕೊಂಡ್ ಬನ್ನಿ. ರಾಟೆ ತೊಟ್ಲು ಹತ್ತೋಕ್ ಮುಂಚೆ ಏನೂ ತಿನ್ಬೇಡಿ, ಒಣಶುಂಠಿ ಚೂರು ಬಾಯಲ್ಲಿರ್ಲಿ. ಹೊತ್ತು ಮುಳುಗೋವಾಗ ಹತ್ತಿ. ನೀವು ಮೇಲಿರೋವಾಗ್ಲೇ ಅರಮನೆ ದೀಪ ಹತ್ಕೋಬೇಕು. ಕೆಳಗೆ ನಿಂತು ನೋಡಿದ್ರೆ ಏನ್ ಬಂತು."

ಕೊನೆಯ ಮಾತು ಮಕ್ಕಳಿಗೆ. ಗಲ್ಲ ಹಿಡಿದುಕೊಂಡು ಹೇಳುತ್ತಿದ್ದರು: "ಕಳ್ದೋದ್ರೆ ಅಳ್ತಾ ಓಡಾಡ್ಬಾರ್ದು. ನಿಂತಲ್ಲೇ ನಿಂತಿರ್ಬೇಕು. ಹುಡುಕೋರು ಬಂದೇ ಬರ್ತಾರೆ."

ಇಷ್ಟೆಲ್ಲ ಗೊತ್ತಿದ್ದವರಿಗೆ ತಮ್ಮ ಒಬ್ಬಳೇ ಮಗಳಿಗೆ ಅದನ್ನು ತೋರಿಸಲು ಆಗಿರಲಿಲ್ಲ. ಅವಳು ನನ್ನ ಓರಗೆಯವಳು, ನನ್ನ ಗೆಳತಿ. ಕೀಲುನೋವಿನ ಜ್ವರ ಬಂದು ಹೋಗುವಾಗ ಅವಳ ಹೃದಯವನ್ನು ಕೆಡಿಸಿ ಹೋಗಿತ್ತು. ನಾವು ಕುಂಟೆಬಿಲ್ಲೆ ಆಡುವಾಗ ಅವಳು ಜಗಲಿಯ ಮೇಲೆ ಕೂತು ಔಟು ಹೇಳುತ್ತಿದ್ದಳು, ನನಗೂ ದಾಕ್ಷಿಣ್ಯವಿಲ್ಲದೆ. ರಾಟೆ ತೊಟ್ಟಿಲು ಎಂದರೆ ಸಾಕು, ಅವಳ ಮುಖ ಬೇರೆಯೇ ಆಗುತ್ತಿತ್ತು. ಆದರೆ ಪ್ರತಿ ದಸರೆಗೂ ಏನಾದರೊಂದು ಅಡ್ಡಿ. ಒಮ್ಮೆ ಜ್ವರ, ಒಮ್ಮೆ ಅವಳ ಅಪ್ಪನಿಗೆ ಕಾರ್ಖಾನೆಯಲ್ಲಿ ರಜ ಇಲ್ಲ. ಮುಂದಿನ ವರ್ಷ, ಮುಂದಿನ ವರ್ಷ...

ಆ ವರ್ಷ ಡಾಕ್ಟರು ಅವಳ ಎದೆ ಪರೀಕ್ಷಿಸಿ, "ಮಗೂಗೆ ಏನ್ ಆಸೆ ಇದ್ಯೋ ಈ ಸಲಾನೇ ತೀರಿಸ್ಬಿಡಿ" ಅಂದರಂತೆ. ಡಾಕ್ಟರೇ ಒಪ್ಪಿಬಿಟ್ಟರು ಎಂದು ದೊಡ್ಡಮ್ಮ ಬೀದಿಯಲ್ಲೆಲ್ಲ ಸಂಭ್ರಮದಿಂದ ಹೇಳಿಕೊಂಡು ಬಂದರು. ನನ್ನ ಅಮ್ಮ ಕೇಳಿಸಿಕೊಂಡು ಒಳಗೆ ಹೋಗಿ ಬೇಳೆ ಆರಿಸಲು ಕೂತವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಯಾಕೆಂದು ನನಗೆ ಅರ್ಥವಾದದ್ದು ಎಷ್ಟೋ ಕಾಲದ ಮೇಲೆ.

ಅವಳ ಅಪ್ಪನಿಗೆ ರಜ ಗುರುವಾರದಿಂದ ಸಿಕ್ಕಿತು. ಗುರುವಾರ ದಕ್ಷಿಣಕ್ಕೆ ಹೊರಡಬಾರದು, ಮೈಸೂರು ಇರುವುದೇ ದಕ್ಷಿಣಕ್ಕೆ. ಅದಕ್ಕೂ ಉಪಾಯವಿತ್ತು, ಪರಸ್ಥಾನ ಇಡುವುದು. ಹಿಂದಿನ ದಿನ ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಹೊರಟ ಹಾಗೇ ಲೆಕ್ಕ. ಆಮೇಲೆ ಅದನ್ನು ತಿರುಗಿ ಮನೆಯೊಳಕ್ಕೆ ತರಕೂಡದು, ಹೋಗುವಾಗ ದಾರಿಯಲ್ಲಿ ಎತ್ತಿಕೊಂಡು ಹೋಗಬೇಕು. ಬುಧವಾರ ಬೆಳಿಗ್ಗೆ ದೊಡ್ಡಮ್ಮ ಕಾಕಿ ಚೀಲ ಹಿಡಿದು ಮಗಳ ಜೊತೆ ನಮ್ಮ ಮನೆಗೆ ಬಂದರು. ಚೀಲದಲ್ಲಿ ಏನೇನಿದೆ ಎಂದು ಅವಳೇ ಹೇಳಿದಳು. ಸ್ವೆಟರು, ಹುಲ್ಲಿನ ಮೇಲೆ ಹಾಸಿಕೊಳ್ಳಲು ಹಳೆ ಸೀರೆ, ಒಣಶುಂಠಿ, ಗುಂಪಿನಲ್ಲಿ ಗುರುತು ಸಿಗಲೆಂದು ಜಡೆಗೆ ಕೆಂಪು ಟೇಪು. ನಡುಮನೆಯ ಮೂಲೆಯಲ್ಲಿ ಅದನ್ನಿಟ್ಟು, ಮಗುವನ್ನು ಸವರುವ ಹಾಗೆ ಒಮ್ಮೆ ಸವರಿ, "ನಾನು ಹೊರಟಾಯ್ತು ಕಣೇ" ಅಂದಳು. ನನಗೆ ಹೊಟ್ಟೆಕಿಚ್ಚಾಗಿತ್ತು.

ಗುರುವಾರ ಬೆಳಿಗ್ಗೆ ಎದುರುಮನೆಯ ಮುಂದೆ ಜಟಕಾ ಬಂದು ನಿಂತಿತು. ಸ್ಟೇಷನ್ನಿಗೆ ಎಂದುಕೊಂಡು ನಾನು ಚೀಲ ಎತ್ತಿಕೊಂಡು ಓಡಿದೆ. ಅವಳ ಅಪ್ಪ ಅವಳನ್ನು ಎರಡೂ ಕೈಯಲ್ಲಿ ಎತ್ತಿ ತಂದು ಕೂರಿಸುತ್ತಿದ್ದರು. ತುಟಿ ನೀಲಿ, ಉಸಿರು ಸಾಲುತ್ತಿರಲಿಲ್ಲ. ದೊಡ್ಡಮ್ಮ ನನ್ನ ಕೈಯಲ್ಲಿದ್ದ ಚೀಲ ನೋಡಿ ಗಾಬರಿಯಾದರು.

"ಅದು ಬೇಡ, ಅದು ಬೇಡ. ಆಸ್ಪತ್ರೆಗೆ ಹೋಗ್ತಿರೋದು. ಮೂಲೇಲೇ ಇಟ್ಬಿಡು."

ಮೈಸೂರಿಗೆಂದು ಇಟ್ಟ ಪರಸ್ಥಾನ ಆಸ್ಪತ್ರೆಯ ಪಾಲಾದರೆ ಎಂಬ ಭಯ ಅವರಿಗೆ. ಅವಳಿಗೆ ಅದೆಲ್ಲ ಏನು ಗೊತ್ತು. ಎಲ್ಲಿಗೆ ಹೋಗುತ್ತಿದ್ದೇನೆಂದೂ ತಿಳಿದಿರಲಿಲ್ಲವೇನೋ, ನನ್ನ ಕಡೆ ಕೈ ಚಾಚಿ "ಚೀಲ..." ಅಂದಳು. ಜಟಕಾ ಹೊರಟಿತು. ದಸರಾ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ಕರ್ಮಾಂತರವೆಲ್ಲ ಕಳೆದ ಮೇಲೆ ಅಮ್ಮ ಚೀಲ ಕೊಡಲು ಹೋದಳು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತರು. "ಅದು ಹೊರಟಿರೋ ಚೀಲ ಕಣಮ್ಮ. ಒಳಕ್ಕೆ ತರೋ ಹಾಗಿಲ್ಲ" ಅಂದರು. ಒಳಕ್ಕೆ ತಂದರೆ ಪ್ರಯಾಣ ನಿಂತುಹೋಯಿತು ಎಂದು ಒಪ್ಪಿಕೊಂಡ ಹಾಗೆ. ಅಮ್ಮ ಅಳುತ್ತ ವಾಪಸು ಬಂದು ಅದನ್ನು ಅದೇ ಮೂಲೆಯಲ್ಲಿಟ್ಟಳು.

ಮುಂದಿನ ದಸರೆಗೆ ಬೀದಿಗೆ ಹೊಸದಾಗಿ ಬಂದ ಬಾಡಿಗೆಯವರು, ವಿಷಯ ತಿಳಿಯದೆ, ದೊಡ್ಡಮ್ಮನನ್ನು ಕೇಳಲು ಹೋದರು. ನಾನು ನಮ್ಮ ಜಗಲಿಯಲ್ಲಿದ್ದೆ. ದೊಡ್ಡಮ್ಮ ಎಲ್ಲವನ್ನೂ ಹೇಳಿದರು. ಹಿಂದಿನಿಂದ ನೋಡಿಕೊಂಡು ಬನ್ನಿ, ಶುಂಠಿ ಮರೆಯಬೇಡಿ, ಹೊತ್ತು ಮುಳುಗುವಾಗ ಹತ್ತಿ... ಅದೇ ದನಿ, ಅದೇ ಕೈಸನ್ನೆ. ಕೊನೆಗೆ ಅವರ ಮಗುವಿನ ಗಲ್ಲ ಹಿಡಿದು "ಕಳ್ದೋದ್ರೆ..." ಅಂದರು. ಹಿಡಿದ ಗಲ್ಲ ಬಿಡಲೇ ಇಲ್ಲ. ಆ ತಾಯಿ ಮಗುವನ್ನು ಮೆಲ್ಲನೆ ಬಿಡಿಸಿಕೊಂಡು ಹೋದಳು. ಆಮೇಲೆ ದೊಡ್ಡಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಸ್ವಲ್ಪ ಕಾಲದಲ್ಲಿ ಎದುರುಮನೆಯವರು ಮನೆ ಖಾಲಿ ಮಾಡಿದರು. ಸಾಮಾನಿನ ಗಾಡಿ ಹೊರಡುವಾಗ ಅಮ್ಮ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ದೊಡ್ಡಮ್ಮ ಅದನ್ನು ನೋಡಿದರು.

"ಅಲ್ಲೇ ಇರ್ಲಿ. ನಾನೇ ಬಂದು ತಗೊಂಡ್ ಹೋಗ್ತೀನಿ."

ಬರಲಿಲ್ಲ. ಎಲ್ಲಿದ್ದರೋ, ಎಷ್ಟು ದಿನ ಇದ್ದರೋ, ಒಂದು ಸುದ್ದಿಯೂ ಇಲ್ಲ.

ಅಮ್ಮ ಇರುವವರೆಗೂ ಚೀಲ ಆ ಮೂಲೆಯಲ್ಲೇ ಇತ್ತು. ಅವಳು ಹೋದ ಮೇಲೆ ಮನೆಯೂ ಮಾರಾಟವಾಯಿತು. ನನ್ನ ಜೊತೆ ಚೀಲ ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂತು, ಅಲ್ಲಿಂದ ಬಸವೇಶ್ವರನಗರದ ಈ ಅಟ್ಟಕ್ಕೆ. ಒಂದು ಸಲವೂ ಬಿಚ್ಚಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ, ಇಟ್ಟುಕೊಂಡು ಏನು ಮಾಡಬೇಕೋ ಅದೂ ತಿಳಿಯಲಿಲ್ಲ.

ಆಚೆ ಕೋಣೆಯಲ್ಲಿ ಸೊಸೆ ಮೊಮ್ಮಗಳ ಕೈ ಮೇಲೆ ಫೋನ್ ನಂಬರು ಬರೆಯುತ್ತಿದ್ದಳು. "ಕಳೆದ್ಹೋದ್ರೆ ನಿಂತಲ್ಲೇ ನಿಂತ್ಕೊ ಪುಟ್ಟಾ, ಅಮ್ಮ ಬರ್ತೀನಿ" ಅನ್ನುತ್ತಿದ್ದಳು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡೆ. ನಿಂತಲ್ಲೇ ನಿಲ್ಲಲು ನಮ್ಮಿಂದ ಆಗಲಿಲ್ಲ. ರಾಜಾಜಿನಗರದಲ್ಲಿ ನಮ್ಮ ಮನೆಯಿದ್ದ ಕಡೆ ಈಗ ಬೈಕಿನ ಶೋರೂಮು ಇದೆ. ದೊಡ್ಡಮ್ಮ ಒಂದು ದಿನ ಚೀಲಕ್ಕೆಂದು ಬಂದೇ ಇದ್ದಿದ್ದರೆ, ಆ ಗಾಜಿನ ಬಾಗಿಲ ಮುಂದೆ ನಿಂತು ಯಾರನ್ನು ಕೇಳಿದ್ದಾರು...