ತಮಟೆ ಕಾಯಿಸುತ್ತಿದ್ದವರು

ಅವರ ಎಡಗೈ ಹೆಬ್ಬೆರಳು ಸುಟ್ಟ ಬದನೆಕಾಯಿಯಂತೆ ಕಪ್ಪಗೆ ಸುಕ್ಕುಗಟ್ಟಿತ್ತು. ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿ, ಚರ್ಮ ಬಿಗಿಯಿತೇ ಎಂದು ಆ ಬೆರಳಿನಿಂದಲೇ ಒತ್ತಿ ನೋಡುತ್ತಿದ್ದರು. ತಿ. ನರಸೀಪುರದ ಬಳಿಯ ಶಾಲೆಯಲ್ಲಿ ನಾನು ಡ್ರಿಲ್ ಮೇಷ್ಟ್ರಾಗಿದ್ದಷ್ಟು ವರ್ಷವೂ ಸ್ವಾತಂತ್ರ್ಯ ದಿನದ ಕವಾಯತಿಗೆ ಅವರದೇ ತಾಳ. ಏಳಕ್ಕೆ ಬನ್ನಿ ಎಂದರೆ ಆರೂವರೆಗೇ ಮೈದಾನದ ಮೂಲೆಯಲ್ಲಿ ಹೊಗೆ ಏಳುತ್ತಿತ್ತು. ನಾನು ಅವಸರಪಡಿಸಿದರೆ, "ಬಿಸಿ ತಾಕ್ದೆ ಇದು ಮಾತಾಡಕಿಲ್ಲ ಸಾ. ನಿಮ್ ಐಕ್ಳಂಗೆ ಸೀಟಿ ಊದ್ದೇಟ್ಗೆ ಎದ್ ನಿಲ್ಲಕಿಲ್ಲ" ಎನ್ನುತ್ತಿದ್ದರು.

ನಾನು ನಿವೃತ್ತನಾದ ಮೇಲೆ ನಮ್ಮ ಹೊಳೆದಂಡೆಗೆ ಪಾಪ್ ಹಾಡುಗಳ ಸಿನಿಮಾದವರು ಬಂದರು. ತಮಟೆ ಬಾರಿಸಲು ಅವರನ್ನು ಕರೆದರು, ಜನರನ್ನು ಸಾಲಾಗಿ ನಿಲ್ಲಿಸಲು ನನ್ನನ್ನು. ಸೀಟಿ ಮತ್ತೆ ಕೊರಳಿಗೆ ಬಂತು. ಆ ಸಿನಿಮಾ ಹೇಗೆ ತಯಾರಾಗುತ್ತದೆ ಎಂಬುದನ್ನೇ ಸಾಕ್ಷ್ಯಚಿತ್ರ ಮಾಡಲು ಒಬ್ಬ ಹುಡುಗಿ ಬೇರೆ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದಳು.

ಸಹಾಯಕ ನಿರ್ದೇಶಕ ನನ್ನ ಕಿವಿಯ ಬಳಿ ಬಂದ. "ಸಾರ್, ಇವರ ಸೌಂಡ್ ಸಾಕು, ಮುಖ ಬೇಡ. ಡಮ್ಮಿ ತಮಟೆ ನಮ್ಮ ಡ್ಯಾನ್ಸರ್‌ಗಳ ಕೈಗೆ ಕೊಡ್ತೀವಿ. ಬೆಳ್ಳಗಿದ್ದಾರೆ, ಲೈಟ್ ಚೆನ್ನಾಗಿ ಹಿಡಿಯುತ್ತೆ."

ನಾನು ಯಾಕೆ ಎಂದು ಕೇಳಲಿಲ್ಲ. ಸೀಟಿ ಊದಿ, ಅವರನ್ನೂ ಅವರ ಬೀದಿಯ ನಾಲ್ವರನ್ನೂ ಕಪ್ಪು ಬಟ್ಟೆಯ ಮರೆಗೆ ನಿಲ್ಲಿಸಿದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ನಿಂತರು. ಆ ಹುಡುಗಿ ಬಟ್ಟೆಯ ಹಿಂಬದಿಯನ್ನೂ ಚಿತ್ರಿಸಿಕೊಂಡಳು.

ಅಂದಿನಿಂದ ನನಗೆ ಭಯ. ಆ ಬೀದಿಯ ಮಕ್ಕಳಿಗೆ, ಎಲ್ಲರೂ ಒಂದೇ ಸಾಲು ಎಂದು ಕಲಿಸಿದವನು ನಾನು. ತಮಟೆಯವರು ಆ ಹುಡುಗಿಯ ಕ್ಯಾಮೆರಾದ ಮುಂದೆ ನನ್ನ ಹೆಸರು ಹೇಳಿಬಿಟ್ಟರೆ? ಬೆಳಗಿನ ನಡಿಗೆಯ ದಾರಿಯನ್ನೇ ಬದಲಿಸಿದೆ. ಬುದ್ಧವಿಹಾರದ ಪಕ್ಕದ ಅವರ ಮನೆ ಎದುರಾಗದ ದಾರಿ. ಅವರು ಕಾಯಿಲೆ ಬಿದ್ದಾಗ ನೋಡಲು ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ಮಣ್ಣಿಗೆ ಹೋದಾಗಲೂ ಎಲ್ಲರಿಗಿಂತ ಹಿಂದೆ ನಿಂತು, ಬೇಗ ಬಂದುಬಿಟ್ಟೆ.

ಮುಂದೆ ಆ ಹುಡುಗಿ ತನ್ನ ಸಾಕ್ಷ್ಯಚಿತ್ರವನ್ನು ನಮ್ಮ ಶಾಲೆಯಲ್ಲೇ ತೋರಿಸಿದಳು. ಗೋಡೆಯ ಮೇಲೆ ಅವರು ಕಾಣಿಸಿದರು, ಹೆಬ್ಬೆರಳಿನಿಂದ ತಮಟೆ ಒತ್ತುತ್ತ. "ನಿಮ್ಮನ್ನ ಮರೆಗೆ ನಿಲ್ಲಿಸಿದ್ದು ಯಾರು?" ಎಂದು ಅವಳ ದನಿ ಕೇಳಿತು. ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ.

"ಅದ್ನ ನಾನ್ಯಾಕವ್ವ ಏಳ್ಲಿ?" ಎಂದರು ಅವರು. "ನಿಲ್ಸಿದೋರ್ಗೂ ಬಾಯಿ ಅದೆ. ಬಿಸಿ ತಾಕ್ಲಿ, ಅವರೇ ಮಾತಾಡ್ತರೆ."

ಚಿತ್ರ ಮುಗಿದು ದೀಪ ಹತ್ತಿತು. ಮುಂದಿನ ಸಾಲಿನಲ್ಲಿ ಅವರ ಮಗಳು ಕೂತಿದ್ದಳು. ಎದ್ದು ನಿಂತೆ.

"ನಿಲ್ಲಿಸಿದ್ದು ನಾನು" ಎಂದೆ. ಮುಂದಿನ ಸಾಲಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

ಅವಳು ತಿರುಗಿ ನೋಡಿದಳು. "ಗೊತ್ತು ಸಾ. ಆಸ್ಪತ್ರೇಲೂ ಅಪ್ಪ ಬಾಗ್ಲನ್ನೇ ನೋಡೋರು, ಮೇಷ್ಟ್ರು ಬತ್ತರೆ ಅಂತ."

ನಾನು ನಿಂತೇ ಇದ್ದೆ. ಯಾರೂ ಕೂರಿ ಎನ್ನಲಿಲ್ಲ.